ಸಿಟ್ಟು, ಸಂಯಮ, ಧೈರ್ಯ: ಭಾವನೆಗಳ ಇಂಗ್ಲಿಷನ್ನು ಹಂತ ಹಂತವಾಗಿ ಕಲಿಯುವ ಬಗೆ

ಕನ್ನಡದಲ್ಲಿ ಸಿಟ್ಟು ಬರುತ್ತದೆ, ಭಯ ಆಗುತ್ತದೆ, ಬೇಜಾರಾಗುತ್ತದೆ. ಎಲ್ಲವೂ ‘ನನಗೆ’. ಭಾವನೆ ಎಲ್ಲಿಂದಲೋ ಬರುತ್ತದೆ, ನಾವು ಚತುರ್ಥಿ ವಿಭಕ್ತಿಯಲ್ಲಿ ಕೂತು ಅದನ್ನು ಬರಮಾಡಿಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ‘ಐ’ ಅನ್ನುವವನೇ ಆ್ಯಂಗ್ರಿ, ‘ಐ’ ಅನ್ನುವವಳೇ ಅಫ್ರೇಡ್. ಭಾವನೆಯ ಹೆಸರು ನಾಮಪದವಾಗಿ ಬರುವುದು ಕಡಿಮೆ, ವ್ಯಕ್ತಿಗೆ ಅಂಟಿದ ವಿಶೇಷಣವಾಗಿ ಬರುವುದೇ ಹೆಚ್ಚು.

ಈ ವ್ಯತ್ಯಾಸ ಗಮನಿಸದೆ ಪದಪಟ್ಟಿ ಬಾಯಿಪಾಠ ಮಾಡಿದವರು ಮುನ್ನೂರು ಪದ ಕಲಿತ ಮೇಲೂ ‘ಹಿ ಈಸ್ ಆ್ಯಂಗ್ರಿ ಆನ್ ಮಿ’ ಎನ್ನುತ್ತಾರೆ. ‘ನನ್ನ ಮೇಲೆ ಸಿಟ್ಟು’ ಎಂಬಲ್ಲಿನ ‘ಮೇಲೆ’ ಅಲ್ಲಿ ‘ಆನ್’ ಆಗಿ ಕೂತಿರುತ್ತದೆ. ಹಾಗಾಗಿ ಇಲ್ಲಿ ಪದಗಳ ರಾಶಿ ಹಾಕುತ್ತಿಲ್ಲ. ನೂರು ಪದ ಸಾಕು. ಆದರೆ ಒಂದೊಂದು ಪದವನ್ನೂ ಅದರ ತೀವ್ರತೆ, ಅದರ ಜೊತೆಗೆ ಬರುವ ಪ್ರಿಪೊಸಿಷನ್, ಅದು ಕೂರುವ ವಾಕ್ಯ, ಈ ಮೂರರ ಸಮೇತ ಕಲಿಯಬೇಕು.

ಇಂಗ್ಲಿಷ್ ಪದಗಳನ್ನು ಇಲ್ಲಿ ಉಚ್ಚಾರಣೆಗೆ ಹತ್ತಿರವಾಗಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇವೆ. ಸ್ಪೆಲಿಂಗ್ ಅನ್ನು ನಿಘಂಟಿನಲ್ಲಿ ಹುಡುಕಿ ನೀವೇ ಬರೆದುಕೊಳ್ಳಿ. ಆ ಹುಡುಕಾಟವೂ ಕಲಿಕೆಯ ಭಾಗವೇ.

ಬೇಕಾಗುವ ಸಾಮಗ್ರಿ

ಇನ್ನೂರು ಪುಟದ ಒಂದು ನೋಟ್‌ಬುಕ್. ಪೋಸ್ಟ್‌ಕಾರ್ಡಿನ ಅರ್ಧ ಅಳತೆಗೆ ಕತ್ತರಿಸಿದ ನೂರು ರಟ್ಟಿನ ಚೀಟಿಗಳು. ಮೊಬೈಲಿನ ವಾಯ್ಸ್ ರೆಕಾರ್ಡರ್. ಮತ್ತೆ ಒಂದು ಲರ್ನರ್ಸ್ ನಿಘಂಟು, ಅಂದರೆ ಇಂಗ್ಲಿಷ್ ಮಾತೃಭಾಷೆಯಲ್ಲದವರಿಗಾಗಿಯೇ ಮಾಡಿದ ನಿಘಂಟು. ಆಕ್ಸ್‌ಫರ್ಡ್, ಕೇಂಬ್ರಿಜ್, ಲಾಂಗ್‌ಮನ್ ಮೂವರದ್ದೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಲಾಂಗ್‌ಮನ್ ನಿಘಂಟು ತನ್ನ ವಿವರಣೆಗಳನ್ನು ಸುಮಾರು 2000 ಸರಳ ಪದಗಳ ಒಳಗೇ ಬರೆಯುತ್ತದೆ. ಆದ್ದರಿಂದ ಒಂದು ಪದ ತಿಳಿಯಲು ಹೋಗಿ ಇನ್ನೂ ಮೂರು ಪದ ಹುಡುಕುವ ಫಜೀತಿ ಇಲ್ಲ.

ಇಂಗ್ಲಿಷ್-ಕನ್ನಡ ನಿಘಂಟು ಬೇಡವೆಂದಲ್ಲ, ಅದನ್ನು ಎರಡನೆಯದಾಗಿ ನೋಡಿ. ‘ಆ್ಯಂಗ್ರಿ: ಕೋಪಗೊಂಡ’ ಎಂಬಷ್ಟು ಓದಿದರೆ ಅರ್ಥ ಸಿಗುತ್ತದೆ, ಬಳಕೆ ಸಿಗುವುದಿಲ್ಲ. ಯಾರ ಬಗ್ಗೆಯಾದರೆ ‘ವಿತ್’, ಯಾವುದರ ಬಗ್ಗೆಯಾದರೆ ‘ಅಬೌಟ್’ ಎಂಬುದು ಲರ್ನರ್ಸ್ ನಿಘಂಟಿನ ಉದಾಹರಣೆಗಳಲ್ಲಿರುತ್ತದೆ.

ಹಂತ 1: ನೋಟ್‌ಬುಕ್ಕನ್ನು ರಸಗಳಂತೆ ವಿಂಗಡಿಸಿ

ಪದಗಳನ್ನು ಅಕಾರಾದಿಯಾಗಿ ಬರೆಯಬೇಡಿ. ಭಾವನೆಯ ಪದಗಳು ಒಂದರ ಪಕ್ಕ ಒಂದು ಕೂತಾಗಲೇ ವ್ಯತ್ಯಾಸ ಕಾಣುವುದು. ಪಾಶ್ಚಾತ್ಯ ಮನೋವಿಜ್ಞಾನಿಗಳು ಮಾಡಿದ ವರ್ಗೀಕರಣಗಳು ಹಲವಿವೆ. ಆದರೆ ಯಕ್ಷಗಾನ, ಭರತನಾಟ್ಯ ನೋಡಿ ಬೆಳೆದ ನಮಗೆ ನವರಸದ ಚೌಕಟ್ಟು ತಲೆಯಲ್ಲಿ ಆಗಲೇ ಇದೆ. ಅದನ್ನೇ ಬಳಸಿಕೊಳ್ಳೋಣ.

ಶೃಂಗಾರ, ಹಾಸ್ಯ, ಕರುಣ, ರೌದ್ರ, ವೀರ, ಭಯಾನಕ, ಬೀಭತ್ಸ, ಅದ್ಭುತ, ಶಾಂತ. ಒಂದೊಂದಕ್ಕೆ ಹತ್ತು ಪುಟ ಬಿಡಿ. ನಮ್ಮ ವಿಷಯಕ್ಕೆ ಮುಖ್ಯವಾದವು ಐದು: ಸಿಟ್ಟಿಗೆ ರೌದ್ರ, ಭಯಕ್ಕೆ ಭಯಾನಕ, ದುಃಖಕ್ಕೆ ಕರುಣ, ಧೈರ್ಯಕ್ಕೆ ವೀರ, ಸಂಯಮಕ್ಕೆ ಶಾಂತ. ಒಂದು ಎಚ್ಚರಿಕೆ: ನಾಟ್ಯಶಾಸ್ತ್ರದಲ್ಲಿ ವೀರರಸದ ಸ್ಥಾಯಿಭಾವ, ಅಂದರೆ ಮೂಲಭಾವ, ‘ಉತ್ಸಾಹ’. ಇಂಗ್ಲಿಷಿನ ‘ಎನ್‌ಥೂಸಿಯಾಸ್ಟಿಕ್’ ಮಾತ್ರ ಧೈರ್ಯದ ಬಳಗದ್ದಲ್ಲ, ಅದನ್ನು ಸಂತೋಷದ ಪದಗಳ ಜೊತೆ ಹಾಸ್ಯದ ಪುಟಕ್ಕೆ ಹಾಕಿ.

ನಾಚಿಕೆ, ಹೊಟ್ಟೆಕಿಚ್ಚು, ಹೆಮ್ಮೆ, ಅನುಮಾನ ಈ ಒಂಬತ್ತರಲ್ಲಿ ಎಲ್ಲೂ ಸರಿಯಾಗಿ ಕೂರುವುದಿಲ್ಲ. ನಾಟ್ಯಶಾಸ್ತ್ರ ಬರೆದ ಭರತನಿಗೂ ಅದು ಗೊತ್ತಿತ್ತು. ವ್ರೀಡೆ, ಅಸೂಯೆ, ಗರ್ವ, ಶಂಕೆ ಮೊದಲಾದವನ್ನು ಅವನು 33 ಸಂಚಾರಿ ಭಾವಗಳೆಂದು ಬೇರೆಯಾಗಿಯೇ ಎಣಿಸಿದ. ನೀವೂ ಹತ್ತನೆಯ ವಿಭಾಗವನ್ನು ‘ಸಂಚಾರಿ’ ಎಂದು ತೆರೆಯಿರಿ. ಹನ್ನೊಂದನೆಯದು ‘ಸಾತ್ತ್ವಿಕ’, ಅಂದರೆ ಭಾವನೆ ಮೈಮೇಲೆ ಕಾಣುವ ಬಗೆ. ಈ ಕೊನೆಯ ವಿಭಾಗ ನೀವಂದುಕೊಂಡದ್ದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಉಳಿದ ತೊಂಬತ್ತು ಪುಟ ವಾರದ ಬರವಣಿಗೆಗೆ ಇರಲಿ.

ಹಂತ 2: ಒಂದು ಪದಕ್ಕೆ ನಾಲ್ಕು ಸಾಲು

ಮೊದಲ ಸಾಲಿನಲ್ಲಿ ಪದ, ಅದರ ಸ್ಪೆಲಿಂಗ್, ಒತ್ತು ಬೀಳುವ ಅಕ್ಷರದ ಕೆಳಗೆ ಒಂದು ಗೆರೆ. ಎರಡನೆಯದರಲ್ಲಿ ತೀವ್ರತೆಗೆ 1ರಿಂದ 5ರವರೆಗೆ ಒಂದು ಅಂಕಿ. ಮೂರನೆಯದರಲ್ಲಿ ಪ್ರಿಪೊಸಿಷನ್. ನಾಲ್ಕನೆಯದರಲ್ಲಿ ನಿಮ್ಮ ಸ್ವಂತ ಬದುಕಿನ ಒಂದು ವಾಕ್ಯ. ನಿಘಂಟಿನ ವಾಕ್ಯ ನಕಲು ಮಾಡುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು. ಅದು ಯಾರದೋ ಸಿಟ್ಟು, ಎರಡು ದಿನದಲ್ಲಿ ಮರೆತುಹೋಗುತ್ತದೆ. ನಿಮ್ಮ ಮನೆಯ ಓನರ್, ನಿಮ್ಮ ಬಿಎಂಟಿಸಿ ಬಸ್ಸು, ನಿಮ್ಮ ಅಳಿಯನ ರಿಸಲ್ಟು ವಾಕ್ಯದಲ್ಲಿರಲಿ.

ಕನ್ನಡ ಅರ್ಥ ಬರೆಯಲೇಬಾರದೇ? ಬರೆಯಿರಿ, ಆದರೆ ಒಂದೇ ಪದದಲ್ಲಿ ಅಲ್ಲ. ‘ಅನಾಯ್ಡ್’ ಎಂದರೆ ‘ಕಿರಿಕಿರಿ’ ಎಂದು ಬರೆಯುವ ಬದಲು ‘ಮೂರನೇ ಸಲ ಕರೆ ಕಟ್ ಆದಾಗ ಆಗುವಂಥದ್ದು’ ಎಂದು ಬರೆಯಿರಿ.

ಹಂತ 3: ಸಿಟ್ಟು ಮತ್ತು ಭಯಕ್ಕೆ ಏಣಿ ಕಟ್ಟಿ

ಸಿಟ್ಟಿನ ಏಣಿ ಕೆಳಗಿನಿಂದ ಹೀಗೆ: ಅನಾಯ್ಡ್, ಇರಿಟೇಟೆಡ್, ಆ್ಯಂಗ್ರಿ, ಫ್ಯೂರಿಯಸ್, ಲಿವಿಡ್. ಬ್ರಿಟಿಷರು ಮಕ್ಕಳ ಮೇಲಿನ ಸಣ್ಣ ಸಿಟ್ಟಿಗೆ ‘ಕ್ರಾಸ್’ ಎನ್ನುತ್ತಾರೆ. ‘ಮ್ಯಾಡ್’ ಅಮೆರಿಕದಲ್ಲಿ ಸಿಟ್ಟು, ಬ್ರಿಟನ್ನಿನಲ್ಲಿ ಹೆಚ್ಚಾಗಿ ಹುಚ್ಚು. ‘ಅಪ್‌ಸೆಟ್’ ಈ ಏಣಿಯ ಪಕ್ಕದಲ್ಲಿ ನಿಲ್ಲುವ ಪದ, ಅದರಲ್ಲಿ ಸಿಟ್ಟು ನೋವು ಎರಡೂ ಇವೆ. ಯಾವುದು ಹೆಚ್ಚು ಎಂದು ಹೇಳಲು ಇಷ್ಟವಿಲ್ಲದಾಗ ತುಂಬ ಅನುಕೂಲ.

ಪ್ರಿಪೊಸಿಷನ್: ವ್ಯಕ್ತಿಯಾದರೆ ‘ಆ್ಯಂಗ್ರಿ ವಿತ್’ ಅಥವಾ ‘ಆ್ಯಂಗ್ರಿ ಆ್ಯಟ್’, ವಿಷಯವಾದರೆ ‘ಆ್ಯಂಗ್ರಿ ಅಬೌಟ್’. ‘ಮೇಲೆ’ಯನ್ನು ನೋಟ್‌ಬುಕ್ಕಿನಲ್ಲೇ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ. ಇದೇ ‘ಮೇಲೆ’ ಹೊಟ್ಟೆಕಿಚ್ಚಿನಲ್ಲೂ ಕಾಡುತ್ತದೆ: ‘ಜೆಲಸ್ ಆನ್’ ಇಲ್ಲ, ‘ಜೆಲಸ್ ಆಫ್’.

‘ವೆರಿ’ ಎಲ್ಲ ಮೆಟ್ಟಿಲಿಗೂ ಹೊಂದುವುದಿಲ್ಲ. ‘ವೆರಿ ಆ್ಯಂಗ್ರಿ’ ಸರಿ. ಫ್ಯೂರಿಯಸ್ ಎಂಬುದರಲ್ಲೇ ‘ತುಂಬ’ ಸೇರಿದೆ, ಅದಕ್ಕೆ ‘ಆ್ಯಬ್ಸಲೂಟ್ಲಿ ಫ್ಯೂರಿಯಸ್’. ಟೆರಿಫೈಡ್, ಡೆವಸ್ಟೇಟೆಡ್, ಡಿಲೈಟೆಡ್ ಪದಗಳಿಗೂ ಇದೇ ನಿಯಮ. ಪಟ್ಟಿಯಲ್ಲಿ 4 ಅಥವಾ 5 ಅಂಕಿ ಪಡೆದ ಇಂಥ ಪದಕ್ಕೆಲ್ಲ ಪಕ್ಕದಲ್ಲಿ ‘ಆ್ಯಬ್ಸಲೂಟ್ಲಿ’ ಎಂದು ಬರೆದಿಟ್ಟುಕೊಂಡರೆ ಸಾಕು.

ಭಯದ ಏಣಿಯಲ್ಲಿ ತೀವ್ರತೆಯ ಜೊತೆಗೆ ಕಾರಣವೂ ಬೇರೆಯಾಗುತ್ತದೆ. ಪರೀಕ್ಷೆಗೋ ಇಂಟರ್‌ವ್ಯೂಗೋ ಮುಂಚೆ ಹೊಟ್ಟೆಯಲ್ಲಿ ಆಗುವ ಅಳುಕು ‘ನರ್ವಸ್’. ಮಗ ರಾತ್ರಿ ಹತ್ತಾದರೂ ಮನೆಗೆ ಬಾರದಿದ್ದರೆ ‘ವರೀಡ್’. ನಾಯಿ ಎದುರಿಗೆ ಗುರ್ರೆಂದರೆ ‘ಸ್ಕೇರ್ಡ್’. ಪ್ರಾಣಭಯವಾದರೆ ‘ಟೆರಿಫೈಡ್’, ಭಯಕ್ಕೆ ಕಾಲೇ ಏಳದಿದ್ದರೆ ‘ಪೆಟ್ರಿಫೈಡ್’. ವರೀಡ್ ಮತ್ತು ನರ್ವಸ್ ಜೊತೆ ‘ಅಬೌಟ್’, ಸ್ಕೇರ್ಡ್ ಮತ್ತು ಅಫ್ರೇಡ್ ಜೊತೆ ‘ಆಫ್’.

‘ಅಫ್ರೇಡ್’ಗೆ ಎರಡು ಗುಟ್ಟುಗಳಿವೆ. ಅದು ನಾಮಪದದ ಮುಂದೆ ಬರುವುದಿಲ್ಲ. ‘ಆ್ಯನ್ ಅಫ್ರೇಡ್ ಬಾಯ್’ ತಪ್ಪು, ‘ಎ ಫ್ರೈಟನ್ಡ್ ಬಾಯ್’ ಸರಿ. ಇನ್ನೊಂದು, ‘ಐ ಆ್ಯಮ್ ಅಫ್ರೇಡ್ ದ ಡಾಕ್ಟರ್ ಈಸ್ ನಾಟ್ ಅವೇಲಬಲ್’ ಎಂದು ರಿಸೆಪ್ಷನಿಸ್ಟ್ ಹೇಳಿದರೆ ಅವರಿಗೆ ಭಯವೇನೂ ಆಗಿಲ್ಲ, ಇಲ್ಲವೆನ್ನುವುದನ್ನು ನಯವಾಗಿ ಹೇಳುತ್ತಿದ್ದಾರೆ. ‘ಆ್ಯಂಕ್ಷಸ್’ ಕೂಡ ಎರಡು ಮುಖದ್ದು: ಮುಂದೆ ‘ಅಬೌಟ್’ ಬಂದರೆ ಆತಂಕ, ‘ಟು’ ಬಂದರೆ ಕಾತರ.

ಹಂತ 4: ‘ಬೇಜಾರು’ ಬಿಡಿಸಿ

ಕನ್ನಡಿಗರ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಎಡವುವ ಜಾಗ ಇದು. ಕೆಲಸವಿಲ್ಲದೆ ಕೂತರೂ ಬೇಜಾರು, ಸ್ನೇಹಿತ ಮದುವೆಗೆ ಕರೆಯದಿದ್ದರೂ ಬೇಜಾರು, ಅಜ್ಜಿ ತೀರಿಕೊಂಡರೂ ಬೇಜಾರು. ಎಲ್ಲಕ್ಕೂ ‘ಸ್ಯಾಡ್’ ಅಂದರೆ ಕೇಳುವವರಿಗೆ ಏನೂ ತಿಳಿಯುವುದಿಲ್ಲ. ಪ್ರತಿ ಸಲ ಬೇಜಾರಾದಾಗ ‘ಯಾಕೆ’ ಎಂದು ಕೇಳಿಕೊಳ್ಳಿ, ಉತ್ತರವೇ ಪದವನ್ನು ತೋರಿಸುತ್ತದೆ.

ಮಾಡಲು ಏನೂ ಇಲ್ಲ ಎಂದಾದರೆ ‘ಬೋರ್ಡ್’. ನಿರೀಕ್ಷಿಸಿದ್ದು ಆಗಲಿಲ್ಲ ಎಂದಾದರೆ ‘ಡಿಸಪಾಯಿಂಟೆಡ್’. ಯಾರದೋ ಮಾತು ಚುಚ್ಚಿತು ಎಂದಾದರೆ ‘ಹರ್ಟ್’. ಅದೇ ತೊಂದರೆ ಮತ್ತೆ ಮತ್ತೆ ಬಂದು ಸಾಕಾಯಿತು ಎಂದಾದರೆ ‘ಫೆಡ್ ಅಪ್ ವಿತ್’. ಎಷ್ಟು ಪ್ರಯತ್ನಿಸಿದರೂ ಕೆಲಸ ಮುಂದೆ ಹೋಗುತ್ತಿಲ್ಲ ಎಂದಾದರೆ ‘ಫ್ರಸ್ಟ್ರೇಟೆಡ್’. ಊರು ಬಿಟ್ಟು ಬಂದು ಮನೆ ನೆನಪಾದರೆ ‘ಹೋಮ್‌ಸಿಕ್’. ಮನಸ್ಸು ಸುಮ್ಮನೆ ಕುಗ್ಗಿದೆ, ಕಾರಣ ಹೇಳಲಾಗದು ಎಂದಾದರೆ ‘ಲೋ’ ಅಥವಾ ‘ಡೌನ್’. ಇಲ್ಲಿ ‘ಡಿಪ್ರೆಸ್ಡ್’ ಎಂಬುದನ್ನು ಹಗುರವಾಗಿ ಬಳಸಬೇಡಿ, ಅದು ಒಂದು ಕಾಯಿಲೆಗೆ ಸಂಬಂಧಿಸಿದ ಪದವೂ ಹೌದು.

ಸಾವಿನ ದುಃಖ ‘ಗ್ರೀಫ್’. ಸಂತಾಪ ಹೇಳುವಾಗ ದೊಡ್ಡ ಪದ ಹುಡುಕಬೇಕಿಲ್ಲ: ‘ಐ ಆ್ಯಮ್ ಸೋ ಸಾರಿ ಫಾರ್ ಯುವರ್ ಲಾಸ್’ ಅಂದರೆ ಸಾಕು.

‘ಡಿಸಪಾಯಿಂಟೆಡ್’ ಬಳಸುವಾಗ ಒಂದು ಸೂಕ್ಷ್ಮವಿದೆ. ‘ಡಿಸಪಾಯಿಂಟೆಡ್ ವಿತ್ ದ ರಿಸಲ್ಟ್’ ಸಾಧಾರಣ ಮಾತು. ‘ಐ ಆ್ಯಮ್ ಡಿಸಪಾಯಿಂಟೆಡ್ ಇನ್ ಯು’ ಎಂದರೆ ‘ನಿನ್ನಿಂದ ಇದನ್ನು ನಿರೀಕ್ಷಿಸಿರಲಿಲ್ಲ’ ಎಂಬಷ್ಟು ಭಾರ. ಮೇಲಧಿಕಾರಿಗೆ ಬರೆಯುವ ಇಮೇಲಿನಲ್ಲಿ ಎರಡನೆಯದು ಬೇಡ.

ಇಲ್ಲೇ ‘ಎಡ್’ ಮತ್ತು ‘ಇಂಗ್’ ಸಮಸ್ಯೆಯನ್ನೂ ಮುಗಿಸಿಬಿಡೋಣ. ಅನುಭವಿಸುವವರಿಗೆ ‘ಎಡ್’, ಅನುಭವ ಕೊಡುವುದಕ್ಕೆ ‘ಇಂಗ್’. ‘ಐ ಆ್ಯಮ್ ಬೋರಿಂಗ್’ ಎಂದರೆ ‘ನನ್ನ ಜೊತೆ ಮಾತಾಡಿದರೆ ನಿಮಗೆ ನಿದ್ದೆ ಬರುತ್ತದೆ’ ಎಂದು ಒಪ್ಪಿಕೊಂಡ ಹಾಗೆ. ಕನ್ನಡದಲ್ಲಿ ಪರೀಕ್ಷಿಸುವ ಸುಲಭ ದಾರಿ: ವಾಕ್ಯ ‘ನನಗೆ’ ಎಂದು ಶುರುವಾದರೆ ಇಂಗ್ಲಿಷಿನಲ್ಲಿ ‘ಐ’ ಜೊತೆ ‘ಎಡ್’ ಬರುತ್ತದೆ. ನನಗೆ ಬೋರಾಯಿತು, ‘ಐ ವಾಸ್ ಬೋರ್ಡ್’. ನನಗೆ ಆಶ್ಚರ್ಯವಾಯಿತು, ‘ಐ ವಾಸ್ ಸರ್‌ಪ್ರೈಸ್ಡ್’.

ಹಂತ 5: ಸಂಚಾರಿ ಪುಟ

ಇದು ಬೇಗ ಮುಗಿಯುತ್ತದೆ. ಸ್ವಭಾವದ ಸಂಕೋಚ ‘ಶೈ’. ನಾಲ್ಕು ಜನರ ಎದುರು ಚಪ್ಪಲಿ ಕಿತ್ತುಹೋದಾಗ ಆಗುವ ಮುಜುಗರ ‘ಎಂಬ್ಯಾರಸ್ಟ್’. ತಪ್ಪು ಮಾಡಿ ತಲೆತಗ್ಗಿಸುವುದು ‘ಅಷೇಮ್ಡ್ ಆಫ್’. ತಪ್ಪು ಮನಸ್ಸಿನೊಳಗೆ ಕೊರೆಯುವುದು ‘ಗಿಲ್ಟಿ ಅಬೌಟ್’. ಬೇರೆಯವರು ಬೇಕೆಂದೇ ಮಾಡಿದ ಅವಮಾನ ಅನುಭವಿಸಿದರೆ ‘ಹ್ಯುಮಿಲಿಯೇಟೆಡ್’. ‘ಐ ಆ್ಯಮ್ ಅಷೇಮ್ಡ್ ಟು ಸ್ಪೀಕ್ ಇಂಗ್ಲಿಷ್’ ಎನ್ನಬೇಡಿ, ಇಂಗ್ಲಿಷ್ ಮಾತಾಡುವುದು ಅಪರಾಧವಲ್ಲ. ‘ಐ ಫೀಲ್ ಶೈ’ ಅಥವಾ ‘ಐ ಗೆಟ್ ನರ್ವಸ್’ ಸಾಕು. ಹೆಮ್ಮೆಗೆ ‘ಪ್ರೌಡ್ ಆಫ್’.

ಹಂತ 6: ಮೈ ಆಡುವ ಮಾತು

ನಾಟ್ಯಶಾಸ್ತ್ರದ ಎಂಟು ಸಾತ್ತ್ವಿಕ ಭಾವಗಳನ್ನು ಒಂದರ ಕೆಳಗೆ ಒಂದು ಬರೆಯಿರಿ. ಪ್ರತಿಯೊಂದಕ್ಕೂ ಇಂದಿನ ಇಂಗ್ಲಿಷಿನಲ್ಲಿ ಒಂದು ಸಹಜ ಮಾತು ಇದೆ.

ಸ್ತಂಭ, ಅಂದರೆ ನಿಂತಲ್ಲೇ ಮರಗಟ್ಟುವುದು: ‘ಐ ಫ್ರೋಝ್’. ಸ್ವೇದ, ಭಯಕ್ಕೆ ಬೆವರುವುದು: ‘ಐ ಬ್ರೋಕ್ ಔಟ್ ಇನ್ ಎ ಕೋಲ್ಡ್ ಸ್ವೆಟ್’. ರೋಮಾಂಚ: ‘ಐ ಗಾಟ್ ಗೂಸ್‌ಬಂಪ್ಸ್’. ಸ್ವರಭಂಗ: ‘ಮೈ ವಾಯ್ಸ್ ಕ್ರ್ಯಾಕ್ಡ್’. ವೇಪಥು, ನಡುಕ: ‘ಐ ವಾಸ್ ಶೇಕಿಂಗ್ ವಿತ್ ಫಿಯರ್’, ಸಿಟ್ಟಿಗಾದರೆ ‘ವಿತ್ ಆ್ಯಂಗರ್’. ವೈವರ್ಣ್ಯ, ಮುಖ ಬಿಳಿಚುವುದು: ‘ಶಿ ವೆಂಟ್ ಪೇಲ್’. ಅಶ್ರು: ‘ಹರ್ ಐಸ್ ಫಿಲ್ಡ್ ವಿತ್ ಟಿಯರ್ಸ್’. ಪ್ರಲಯ, ಎಚ್ಚರ ತಪ್ಪುವುದು: ‘ಹಿ ಫೇಂಟೆಡ್’.

ಗಂಟಲು ಕಟ್ಟಿ ಬಂದದ್ದಕ್ಕೆ ‘ಐ ಹ್ಯಾಡ್ ಎ ಲಂಪ್ ಇನ್ ಮೈ ಥ್ರೋಟ್’ ಎಂಬುದನ್ನೂ ಸೇರಿಸಿಕೊಳ್ಳಿ. ‘ವೆರಿ ವೆರಿ’ ಎಂದು ಎರಡೆರಡು ಸಲ ಹೇಳುವ ಬದಲು ಈ ಪುಟದಿಂದ ಒಂದು ವಾಕ್ಯ ಎತ್ತಿಕೊಂಡರೆ ಮಾತಿಗೆ ತೂಕ ಬರುತ್ತದೆ.

ಹಂತ 7: ಕನ್ನಡದೊಳಗಿರುವ ಇಂಗ್ಲಿಷನ್ನು ಮರಳಿ ಇಂಗ್ಲಿಷ್ ಮಾಡಿ

ನಾವು ದಿನಾ ಬಳಸುವ ಇಂಗ್ಲಿಷ್ ಪದಗಳು ಕನ್ನಡದಲ್ಲಿ ಬೇರೆಯೇ ಬದುಕು ಕಟ್ಟಿಕೊಂಡಿವೆ. ‘ಅವನು ಫೀಲ್ ಆದ’ ಎಂದರೆ ನಮಗೆ ಪೂರ್ತಿ ಅರ್ಥ. ಇಂಗ್ಲಿಷಿನಲ್ಲಿ ‘ಹಿ ಫೆಲ್ಟ್’ ಎಂದು ನಿಲ್ಲಿಸಿದರೆ ಎದುರಿನವರು ‘ಏನು ಫೆಲ್ಟ್?’ ಎಂದು ಕಾಯುತ್ತಾರೆ. ‘ಹಿ ಫೆಲ್ಟ್ ಹರ್ಟ್’ ಆಗಬೇಕು. ‘ಫೀಲ್ ಮಾಡ್ಕೋಬೇಡ’ ಎನ್ನಲು ‘ಡೋಂಟ್ ಟೇಕ್ ಇಟ್ ಟು ಹಾರ್ಟ್’.

‘ಮೂಡ್ ಔಟ್’, ‘ಮೂಡ್ ಆಫ್’ ಎರಡೂ ನಮ್ಮ ಕಡೆಯವು. ಹೊರಗೆ ‘ಐ ಆ್ಯಮ್ ಇನ್ ಎ ಬ್ಯಾಡ್ ಮೂಡ್’. ‘ಟೆನ್ಷನ್ ಆಗ್ತಿದೆ’ ಎನ್ನಲು ‘ಐ ಆ್ಯಮ್ ಸ್ಟ್ರೆಸ್ಡ್’ ಅಥವಾ ‘ಐ ಆ್ಯಮ್ ವರೀಡ್ ಅಬೌಟ್ ಇಟ್’. ‘ಟೆನ್ಷನ್ ತಗೋಬೇಡಿ’ಗೆ ‘ಡೋಂಟ್ ವರಿ’ ಎಂಬ ಹಳೆಯ ಮಾತೇ ಸರಿ. ‘ಸೆನ್ಸಿಟಿವ್’ ಎಂದರೆ ಬೇಗ ನೊಂದುಕೊಳ್ಳುವವರು, ‘ಸೆನ್ಸಿಬಲ್’ ಎಂದರೆ ವಿವೇಕಿ. ಇವೆರಡನ್ನು ಅದಲುಬದಲು ಮಾಡಿದರೆ ಹೊಗಳಿಕೆಯೇ ದೂರಿನಂತಾಗಿಬಿಡುತ್ತದೆ.

ಬೆಂಗಳೂರಿನ ಆಫೀಸುಗಳೊಳಗೆ ಇವೆಲ್ಲ ನಡೆಯುತ್ತವೆ, ಎಲ್ಲರಿಗೂ ತಿಳಿಯುತ್ತವೆ. ಭಾರತದ ಹೊರಗಿನವರ ಜೊತೆ ಮಾತಾಡುವಾಗ ಮಾತ್ರ ಬದಲಿಸಿಕೊಳ್ಳಿ.

ಹಂತ 8: ಸಂಯಮದ ಪದಗಳು

ಮೊದಲು ಮೂರು ನಾಮಪದಗಳನ್ನು ಬೇರ್ಪಡಿಸಿ. ಮೂರನೆಯ ಮೈಸೂರ್ ಪಾಕಿಗೆ ಕೈ ಹಾಕದಿರುವುದು ‘ಸೆಲ್ಫ್ ಕಂಟ್ರೋಲ್’. ದಿನಾ ಬೆಳಗ್ಗೆ ಐದಕ್ಕೆ ಎದ್ದು ಓದುವುದು ‘ಸೆಲ್ಫ್ ಡಿಸಿಪ್ಲಿನ್’. ಆಧಾರ್ ಕೇಂದ್ರದ ಸಾಲಿನಲ್ಲಿ ಗೊಣಗದೆ ನಿಲ್ಲುವುದು ‘ಪೇಶನ್ಸ್’. ನಾಲ್ಕನೆಯದು ‘ರಿಸ್ಟ್ರೇಂಟ್’. ಅಧಿಕಾರವಿದ್ದೂ ಬಳಸದಿರುವುದು ಅದು, ಸುದ್ದಿಯಲ್ಲಿ ಸರ್ಕಾರ, ಪೊಲೀಸರ ಬಗ್ಗೆ ಹೆಚ್ಚು ಕೇಳಿಬರುತ್ತದೆ. ಇವು ನಾಲ್ಕೂ ಎಣಿಕೆಗೆ ಸಿಗದ ನಾಮಪದಗಳು, ಬಹುವಚನ ಇಲ್ಲ. ‘ಪೇಶನ್ಸ್’ ಮತ್ತು ಆಸ್ಪತ್ರೆಯ ರೋಗಿಗಳ ಬಹುವಚನ ಕಿವಿಗೆ ಒಂದೇ ಥರ, ಸ್ಪೆಲಿಂಗ್ ಬೇರೆ. ಇಮೇಲಿನಲ್ಲಿ ‘ಥ್ಯಾಂಕ್ ಯು ಫಾರ್ ಯುವರ್ ಪೇಶನ್ಸ್’ ಬರೆಯುವಾಗ ರೋಗಿಗಳಿಗೆ ಧನ್ಯವಾದ ಹೇಳಿಬಿಡುವವರು ಸಾಕಷ್ಟಿದ್ದಾರೆ.

‘ಟೆಂಪರ್’ ಎಂಬುದಕ್ಕೆ ಮೂರು ಕ್ರಿಯಾಪದ ಸಾಕು: ಲೂಸ್, ಕೀಪ್, ಹ್ಯಾವ್. ‘ಹಿ ಲಾಸ್ಟ್ ಹಿಸ್ ಟೆಂಪರ್’ ಎಂದರೆ ತಾಳ್ಮೆಗೆಟ್ಟು ಕೂಗಾಡಿದ. ‘ಶಿ ಕೆಪ್ಟ್ ಹರ್ ಟೆಂಪರ್’ ಎಂದರೆ ಸಿಟ್ಟು ಬಂದರೂ ತಡೆದುಕೊಂಡಳು. ‘ಹಿ ಹ್ಯಾಸ್ ಎ ಟೆಂಪರ್’ ಎಂದರೆ ಮುಂಗೋಪಿ, ಇಲ್ಲಿ ‘ಎ’ ಬಿಡಬೇಡಿ. ಒಮ್ಮೆಗೇ ಸಿಡುಕಿದರೆ ‘ಹಿ ಸ್ನ್ಯಾಪ್ಡ್ ಆ್ಯಟ್ ಮಿ’.

ತಡೆದುಕೊಳ್ಳುವ ಕ್ರಿಯಾಪದಗಳು ಇನ್ನೂ ಮುಖ್ಯ. ಅಳು ತಡೆಯುವುದು ‘ಹೋಲ್ಡ್ ಬ್ಯಾಕ್ ಟಿಯರ್ಸ್’. ನಗು ಬಂದರೂ ಮುಖ ಗಂಭೀರವಾಗಿಡುವುದು ‘ಕೀಪ್ ಎ ಸ್ಟ್ರೇಟ್ ಫೇಸ್’. ನಗು ತಡೆಯಲಾಗಲಿಲ್ಲ ಎನ್ನಲು ‘ಐ ಕುಡ್‌ನ್ಟ್ ಹೆಲ್ಪ್ ಲಾಫಿಂಗ್’. ಇಲ್ಲಿ ‘ಹೆಲ್ಪ್’ಗೂ ಸಹಾಯಕ್ಕೂ ಸಂಬಂಧವಿಲ್ಲ, ಮುಂದೆ ‘ಇಂಗ್’ ಕಡ್ಡಾಯ. ಕಟ್ಟೆಯೊಡೆದರೆ ‘ಬರ್ಸ್ಟ್ ಇಂಟು ಟಿಯರ್ಸ್’, ಆದರೆ ‘ಬರ್ಸ್ಟ್ ಔಟ್ ಲಾಫಿಂಗ್’. ‘ಇಂಟು’ ಆದಮೇಲೆ ನಾಮಪದ, ‘ಔಟ್’ ಆದಮೇಲೆ ‘ಇಂಗ್’. ಆಸೆಗೆ ಸೋಲುವುದು ‘ಗಿವ್ ಇನ್ ಟು’, ಸೋಲದಿರುವುದು ‘ರಿಸಿಸ್ಟ್’. ರಿಸಿಸ್ಟ್ ಜೊತೆ ಪ್ರಿಪೊಸಿಷನ್ ಇಲ್ಲ. ಎಲ್ಲವನ್ನೂ ಒಳಗೇ ಅದುಮಿಟ್ಟುಕೊಂಡರೆ ‘ಬಾಟಲ್ ಅಪ್’, ಇದು ಮೆಚ್ಚುಗೆಯಲ್ಲ, ಆರೋಗ್ಯಕ್ಕೆ ಒಳ್ಳೆಯದಲ್ಲವೆಂಬ ಧ್ವನಿ ಅದರಲ್ಲಿದೆ.

ನುಡಿಗಟ್ಟುಗಳಲ್ಲಿ ಕೆಲವು ಕನ್ನಡಕ್ಕೆ ಹೊಂದುತ್ತವೆ, ಕೆಲವು ಮೋಸ ಮಾಡುತ್ತವೆ. ‘ಹಲ್ಲು ಕಚ್ಚಿ ಸಹಿಸಿದ’ ಎಂಬುದಕ್ಕೆ ‘ಗ್ರಿಟೆಡ್ ಹಿಸ್ ಟೀತ್’ ಸರಿಯಾಗಿ ಕೂರುತ್ತದೆ. ‘ಬಿಟ್ ಹಿಸ್ ಟಂಗ್’ ಮಾತ್ರ ನಮ್ಮ ‘ನಾಲಿಗೆ ಕಚ್ಚಿಕೊಂಡ’ ಅಲ್ಲ. ನಮ್ಮದು ಆಡಬಾರದ್ದನ್ನು ಆಡಿದ ಮೇಲಿನ ಪೇಚು, ಅವರದು ಆಡುವ ಮೊದಲೇ ಮಾತು ನುಂಗಿಕೊಳ್ಳುವುದು. ನೋಟ್‌ಬುಕ್ಕಿನಲ್ಲಿ ಇಂಥವಕ್ಕೆ ಒಂದು ಅಡ್ಡಗುರುತು ಹಾಕಿ.

ಬೇರೆಯವರನ್ನು ಸಮಾಧಾನ ಮಾಡುವಾಗ ಎಚ್ಚರ. ‘ಸ್ವಲ್ಪ ಕಂಟ್ರೋಲ್ ಮಾಡ್ಕೊಳ್ಳಿ’ ಎಂಬುದು ಕನ್ನಡದಲ್ಲಿ ಕಳಕಳಿಯ ಮಾತಾಗಬಹುದು. ‘ಕಂಟ್ರೋಲ್ ಯುವರ್‌ಸೆಲ್ಫ್’ ಗದರಿಕೆ. ‘ಕಾಮ್ ಡೌನ್’ ಕೂಡ ಸಿಟ್ಟಿಗೆದ್ದವರನ್ನು ಇನ್ನಷ್ಟು ಕೆರಳಿಸಬಹುದು. ‘ಐ ಕ್ಯಾನ್ ಸೀ ಯು ಆರ್ ಅಪ್‌ಸೆಟ್’ ಎಂದು ಶುರುಮಾಡಿ, ‘ಟೇಕ್ ಯುವರ್ ಟೈಮ್’ ಎಂದು ಮುಗಿಸಿದರೆ ಕೆಲಸ ಆಗುತ್ತದೆ. ಕಾಲ್ ಸೆಂಟರ್, ಆಸ್ಪತ್ರೆ, ಹೋಟೆಲು ಕೆಲಸದವರಿಗೆ ಈ ಎರಡು ವಾಕ್ಯ ಹತ್ತು ಪದಗಳಿಗಿಂತ ಹೆಚ್ಚು ಬೇಕು.

ಹಂತ 9: ಧೈರ್ಯದ ಪದಗಳು

‘ಬ್ರೇವ್’ ದಿನಬಳಕೆಯದು, ಇಂಜೆಕ್ಷನ್ನಿಗೆ ಅಳದ ಮಗುವಿಗೂ ಸಲ್ಲುತ್ತದೆ, ಬೆಂಕಿಗೆ ನುಗ್ಗಿದ ಅಗ್ನಿಶಾಮಕ ಸಿಬ್ಬಂದಿಗೂ ಸಲ್ಲುತ್ತದೆ. ‘ಕರೇಜಸ್’ ಸ್ವಲ್ಪ ಗಂಭೀರ, ಒತ್ತಡದ ನಡುವೆ ಸತ್ಯ ಹೇಳಿದವರಿಗೆ ಒಪ್ಪುತ್ತದೆ. ‘ಬೋಲ್ಡ್’ ಎಂದರೆ ಹಿಂಜರಿಯದೆ ಮುನ್ನುಗ್ಗುವ ಗುಣ, ನಿರ್ಧಾರ, ಬಣ್ಣ, ಅಕ್ಷರಗಳಿಗೂ ಬರುತ್ತದೆ. ಐರ್ಲೆಂಡಿನಲ್ಲಿ ಮಗುವನ್ನು ‘ಬೋಲ್ಡ್’ ಎಂದರೆ ತುಂಟ ಎಂದರ್ಥ, ಅಲ್ಲಿಗೆ ನರ್ಸಿಂಗ್ ಕೆಲಸಕ್ಕೆ ಹೋಗುವವರು ನೆನಪಿಟ್ಟುಕೊಳ್ಳಿ. ‘ರೆಕ್‌ಲೆಸ್’ ಹುಚ್ಚು ಸಾಹಸ, ಅದು ಬೈಗುಳ. ‘ಗ್ಯಾಲಂಟ್ರಿ’ ಯುದ್ಧಭೂಮಿಯ ಶೌರ್ಯ. 1950ರ ಜನವರಿ 26ರಂದು ಸ್ಥಾಪನೆಯಾದ ಪರಮವೀರ ಚಕ್ರದಂಥವನ್ನು ‘ಗ್ಯಾಲಂಟ್ರಿ ಅವಾರ್ಡ್’ ಎನ್ನುವುದು ಅದಕ್ಕೇ. ಮಾತಿನಲ್ಲಿ ಇದು ಬೇಕಾಗುವುದಿಲ್ಲ, ಪತ್ರಿಕೆ ಓದಲು ಬೇಕು.

‘ಹಠ’ ಮತ್ತು ‘ಛಲ’ವನ್ನೂ ಇಲ್ಲೇ ಬರೆಯಿರಿ. ಹಠಮಾರಿ ‘ಸ್ಟಬರ್ನ್’, ಛಲಗಾರ ‘ಡಿಟರ್ಮಿನ್ಡ್’. ಇಂಟರ್‌ವ್ಯೂನಲ್ಲಿ ‘ಐ ಆ್ಯಮ್ ವೆರಿ ಸ್ಟಬರ್ನ್’ ಎಂದು ಹೆಮ್ಮೆಯಿಂದ ಹೇಳಿದರೆ ಕೆಲಸ ಕೈತಪ್ಪಬಹುದು.

ಇನ್ನು ‘ಧೈರ್ಯ’ದ ಜೊತೆ ಬರುವ ನಮ್ಮ ಕ್ರಿಯಾಪದಗಳು. ಧೈರ್ಯ ಮಾಡಿ ಕೇಳಿದೆ: ‘ಐ ಪ್ಲಕ್ಡ್ ಅಪ್ ದ ಕರಿಜ್ ಟು ಆಸ್ಕ್’. ಕೇಳಲು ಧೈರ್ಯ ಬರಲಿಲ್ಲ: ‘ಐ ಡಿಡ್‌ನ್ಟ್ ಡೇರ್ ಟು ಆಸ್ಕ್’ ಅಥವಾ ‘ಐ ಡಿಡ್‌ನ್ಟ್ ಹ್ಯಾವ್ ದ ಕರಿಜ್ ಟು ಆಸ್ಕ್’. ಅವಳಿಗೆ ಧೈರ್ಯ ಹೇಳಿದೆ: ‘ಐ ರಿಅಶೂರ್ಡ್ ಹರ್’, ಇಲ್ಲಿ ‘ಕರಿಜ್’ ಬರುವುದೇ ಇಲ್ಲ, ‘ಟೋಲ್ಡ್ ಕರಿಜ್’ ಎಂಬ ಮಾತೇ ಇಲ್ಲ. ಧೃತಿಗೆಡಬೇಡ: ‘ಡೋಂಟ್ ಲೂಸ್ ಹಾರ್ಟ್’. ‘ಎನ್‌ಕರಿಜ್’ ಆದಮೇಲೆ ವ್ಯಕ್ತಿ, ನಂತರ ‘ಟು’: ‘ಶಿ ಎನ್‌ಕರಿಜ್ಡ್ ಮಿ ಟು ಅಪ್ಲೈ’. ‘ಡಿಸ್‌ಕರಿಜ್’ ಆದಮೇಲೆ ವ್ಯಕ್ತಿ, ನಂತರ ‘ಫ್ರಮ್’, ಆಮೇಲೆ ‘ಇಂಗ್’.

ಅಧಿಕಪ್ರಸಂಗಕ್ಕೂ ನಾವು ಧೈರ್ಯ ಎನ್ನುತ್ತೇವೆ: ‘ಸಾಲ ತೀರಿಸದೆ ಮತ್ತೆ ದುಡ್ಡು ಕೇಳೋಷ್ಟು ಧೈರ್ಯ!’ ಇಂಗ್ಲಿಷಿನಲ್ಲಿ ಇದಕ್ಕೆ ‘ನರ್ವ್’: ‘ಹಿ ಹ್ಯಾಡ್ ದ ನರ್ವ್ ಟು ಆಸ್ಕ್ ಮಿ ಅಗೇನ್’. ಆದರೆ ‘ಹಿ ಲಾಸ್ಟ್ ಹಿಸ್ ನರ್ವ್’ ಎಂದರೆ ಕೊನೇ ಗಳಿಗೆಯಲ್ಲಿ ಧೈರ್ಯಗೆಟ್ಟ. ‘ಹಿ ಗೆಟ್ಸ್ ಆನ್ ಮೈ ನರ್ವ್ಸ್’ ಎಂದರೆ ತಲೆ ತಿನ್ನುತ್ತಾನೆ. ಒಂದೇ ಪದ, 3 ಬೇರೆ ಚೀಟಿ. ಒಂದೇ ಚೀಟಿಯಲ್ಲಿ ಮೂರನ್ನೂ ತುಂಬಿದರೆ ಗೊಂದಲ ಗ್ಯಾರಂಟಿ. ಹಾಗೇ ‘ಸ್ಟ್ಯಾಂಡ್ ಅಪ್ ಟು’ ಎಂದರೆ ಎದುರಿಸುವುದು, ‘ಸ್ಟ್ಯಾಂಡ್ ಅಪ್ ಫಾರ್’ ಎಂದರೆ ಪರವಾಗಿ ನಿಲ್ಲುವುದು. ಪುಂಡನಿಗೆ ‘ಫಾರ್’ ಹಾಕಿದರೆ ಕಥೆಯೇ ತಿರುಗಿಬೀಳುತ್ತದೆ.

‘ಐ ಹ್ಯಾವ್ ಕಾನ್ಫಿಡೆಂಟ್’ ಎಂಬುದು ಪಿಯುಸಿಯಿಂದ ಎಂಬಿಎವರೆಗೆ ಕೇಳಿಬರುತ್ತದೆ. ‘ಹ್ಯಾವ್’ ಜೊತೆ ‘ಕಾನ್ಫಿಡೆನ್ಸ್’, ‘ಆ್ಯಮ್’ ಜೊತೆ ‘ಕಾನ್ಫಿಡೆಂಟ್’.

ಹಂತ 10: ಬಾಯಿ ತಿರುಗಿಸಿ

‘ಕರಿಜ್’ನಲ್ಲಿ ಒತ್ತು ಮೊದಲ ಭಾಗಕ್ಕೆ, ‘ಕರೇಜಸ್’ನಲ್ಲಿ ಎರಡನೆಯ ಭಾಗಕ್ಕೆ. ನಾಮಪದವನ್ನೂ ‘ಕರೇಜ್’ ಎನ್ನುವ ಅಭ್ಯಾಸ ಬಿಡಿ. ‘ಆ್ಯಂಕ್ಷಸ್’ ನಾಮಪದವಾದಾಗ ‘ಆ್ಯಂಗ್‌ಝೈಅಟಿ’, ಧ್ವನಿಯೇ ಬದಲಾಗುತ್ತದೆ. ಕನ್ನಡದ ಪದಗಳು ಸ್ವರದಲ್ಲಿ ಮುಗಿಯುವುದರಿಂದ ‘ಎಂಬ್ಯಾರಸೆಡ್’, ‘ಅನಾಯೆಡ್’ ಎಂದು ಸ್ವರ ಸೇರಿಸುವ ಚಟ ನಮಗಿದೆ. ಸರಿಯಾದದ್ದು ‘ಎಂಬ್ಯಾರಸ್ಟ್’, ‘ಅನಾಯ್ಡ್’. ‘ಎಡ್’ನ ಹಿಂದೆ ಟಿ ಅಥವಾ ಡಿ ಸದ್ದು ಇದ್ದಾಗ ಮಾತ್ರ ಸ್ವರ ಬರುತ್ತದೆ: ಎಕ್ಸೈಟಿಡ್, ಡಿಸಪಾಯಿಂಟಿಡ್. ‘ವರೀಡ್’ನ ವಕಾರಕ್ಕೆ ತುಟಿ ದುಂಡಗಾಗಬೇಕು, ‘ಬ್ರೇವ್’ನ ವಕಾರಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಹಕಾರ ನುಂಗುವ ಅಭ್ಯಾಸವಿರುವವರು ‘ಹಂಗ್ರಿ’ ಮತ್ತು ‘ಆ್ಯಂಗ್ರಿ’ಯನ್ನು ಜೋಡಿಯಾಗಿ ಹತ್ತು ಸಲ ಹೇಳಿ ರೆಕಾರ್ಡ್ ಮಾಡಿ ಕೇಳಲಿ.

ನಾಲ್ಕು ವಾರದ ಲೆಕ್ಕ

ವಾರದಲ್ಲಿ ಐದು ದಿನ, ದಿನಕ್ಕೆ ಐದು ಹೊಸ ಪದ. ಉಳಿದ ಎರಡು ದಿನ ಹೊಸದು ಬೇಡ. ನಾಲ್ಕು ವಾರಕ್ಕೆ ನೂರು. ಮೊದಲ ವಾರ ಸಿಟ್ಟು, ಭಯ; ಎರಡನೆಯದು ಬೇಜಾರು, ಸಂಚಾರಿ, ಸಾತ್ತ್ವಿಕ; ಮೂರನೆಯದು ಸಂಯಮ; ನಾಲ್ಕನೆಯದು ಧೈರ್ಯ. ದಿನಕ್ಕೆ ಇಪ್ಪತ್ತೈದು ನಿಮಿಷ ಸಾಕು: ಹತ್ತು ನಿಮಿಷ ಹೊಸ ಪದಗಳಿಗೆ, ಎಂಟು ನಿಮಿಷ ಹಳೆಯ ಚೀಟಿಗಳಿಗೆ, ಏಳು ನಿಮಿಷ ಮಾತಿಗೆ.

ಚೀಟಿಗಳಿಗೆ ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಪೆಟ್ಟಿಗೆಯ ಕ್ರಮ ಅನುಸರಿಸಿ. ಮೂರು ಡಬ್ಬಿ ಇಡಿ: ದಿನಾ ನೋಡುವುದು, ಮೂರು ದಿನಕ್ಕೊಮ್ಮೆ ನೋಡುವುದು, ವಾರಕ್ಕೊಮ್ಮೆ ನೋಡುವುದು. ಸರಿ ಹೇಳಿದ ಚೀಟಿ ಮುಂದಿನ ಡಬ್ಬಿಗೆ, ತಪ್ಪಿದ್ದು ಎಲ್ಲಿದ್ದರೂ ಮೊದಲ ಡಬ್ಬಿಗೆ ವಾಪಸ್. ಚೀಟಿಯ ಮುಂಭಾಗದಲ್ಲಿ ಕನ್ನಡದ ಸನ್ನಿವೇಶ, ಹಿಂಭಾಗದಲ್ಲಿ ಇಂಗ್ಲಿಷ್ ವಾಕ್ಯ ಇರಲಿ. ತಿರುಗಾಮುರುಗಾ ಮಾಡಿದರೆ ಓದಿದಾಗ ಗುರುತಿಸುತ್ತೀರಿ, ಮಾತಾಡುವಾಗ ಬಾಯಿಗೆ ಬರುವುದಿಲ್ಲ. ಹೆಚ್ಚಿನವರು ಇಲ್ಲೇ ತಪ್ಪುತ್ತಾರೆ. ಮೊಬೈಲೇ ಇಷ್ಟವಾದರೆ ಆಂಕಿ ಎಂಬ ತಂತ್ರಾಂಶ ಇದೇ ಕೆಲಸ ಮಾಡುತ್ತದೆ, ಆಂಡ್ರಾಯ್ಡಿನಲ್ಲಿ ಉಚಿತ.

ಏಳು ನಿಮಿಷದ ಮಾತಿಗೆ, ಇಂಗ್ಲಿಷ್ ಸಾಮರ್ಥ್ಯ ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಯ ಸ್ಪೀಕಿಂಗ್ ಎರಡನೆಯ ಭಾಗದ ಮಾದರಿ ಚೆನ್ನಾಗಿದೆ. ಪರೀಕ್ಷೆ ಬರೆಯದವರಿಗೂ ಅದು ಉಪಯುಕ್ತ. ಒಂದು ವಿಷಯ, ಒಂದು ನಿಮಿಷ ತಯಾರಿ, ಎರಡು ನಿಮಿಷದೊಳಗೆ ಮಾತು. ‘ನಿಮಗೆ ಸಿಟ್ಟು ಬಂದರೂ ತಡೆದುಕೊಂಡ ಒಂದು ಸಂದರ್ಭ’ ಎಂದು ಇಟ್ಟುಕೊಳ್ಳಿ. ತಯಾರಿಯ ನಿಮಿಷದಲ್ಲಿ ನಾಲ್ಕೇ ಪದ ಬರೆದುಕೊಳ್ಳಿ: ಏಣಿಯಿಂದ ಒಂದು, ಸಾತ್ತ್ವಿಕ ಪುಟದಿಂದ ಒಂದು, ಸಂಯಮದಿಂದ ಒಂದು, ಕೊನೆಯಲ್ಲಿ ಹೇಗನ್ನಿಸಿತು ಎಂಬುದಕ್ಕೆ ಒಂದು. ನಾಲ್ಕಕ್ಕಿಂತ ಹೆಚ್ಚು ತುರುಕಿದರೆ ಮಾತು ಪದಪಟ್ಟಿಯಾಗುತ್ತದೆ. ಆ ಪರೀಕ್ಷೆಯಲ್ಲಿ ಪದಸಂಪತ್ತು ನಾಲ್ಕು ಮಾನದಂಡಗಳಲ್ಲಿ ಒಂದು ಮಾತ್ರ, ನಿರರ್ಗಳತೆ, ವ್ಯಾಕರಣ, ಉಚ್ಚಾರಣೆಗೂ ಅಷ್ಟೇ ತೂಕ.

ರೆಕಾರ್ಡಿಂಗ್ ಕೇಳುವಾಗ ಮೂರು ಗುರುತು ಮಾತ್ರ ಹಾಕಿ: ‘ವೆರಿ’ ಎಷ್ಟು ಸಲ ಬಂತು, ಪ್ರಿಪೊಸಿಷನ್ ಎಲ್ಲಿ ತಪ್ಪಿತು, ‘ಎಡ್’ ಎಲ್ಲಿ ನುಂಗಿತು ಅಥವಾ ಉಬ್ಬಿತು. ತಪ್ಪಿದ ವಾಕ್ಯದ ಚೀಟಿಯನ್ನು ಅದೇ ರಾತ್ರಿ ಮೊದಲ ಡಬ್ಬಿಗೆ ಹಾಕಿ, ಮರುದಿನ ಅದೇ ವಿಷಯದ ಮೇಲೆ ಇನ್ನೊಮ್ಮೆ ಮಾತಾಡಿ.